ಮೆಣಸಿನ ಘಾಟು, ಮಿದುಳಿನ ನರ

ಸುಗ್ಗಿಯ ಕಾಲದಲ್ಲಿ ಬ್ಯಾಡಗಿಯ ಪೇಟೆಗೆ ಹೋದವರಿಗೆ ಮೊದಲು ಎದುರಾಗುವುದು ಕೆಂಪು ರಾಶಿ. ಅದರ ಬೆನ್ನಿಗೇ ಸೀನು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಗಳಿಗೆ ಈ ಪೇಟೆ ನೆರೆಮನೆಯಿದ್ದಂತೆ. ರಾಶಿಯ ಬದಿಯಲ್ಲಿ ಕುಳಿತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಮೂಗಿನ ಮೇಲಣ ಸೆರಗೇ ರಕ್ಷೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಒಗ್ಗರಣೆಯಲ್ಲಿ ಒಂದೆರಡು ಸೀದರೆ ಸಾಕು, ಮನೆಮಂದಿಯೆಲ್ಲ ಕೆಮ್ಮುತ್ತ ಅಂಗಳಕ್ಕೆ ಬರಬೇಕಾಗುತ್ತದೆ.

ಘಾಟಿಗೆ ಕಾರಣ ಕ್ಯಾಪ್ಸೈಸಿನ್ ಎಂಬ ವಸ್ತು. ನರದ ತುದಿಯಲ್ಲಿ ಅದಕ್ಕೆ ತೆರೆದುಕೊಳ್ಳುವ ಬಾಗಿಲೊಂದಿದೆ. ಅದನ್ನು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಗುರುತಿಸಿದ್ದು 1997ರಲ್ಲಿ. ಹಾವೇರಿ ಪ್ರತ್ಯೇಕ ಜಿಲ್ಲೆಯಾದ ವರ್ಷವೂ ಅದೇ ಎಂಬುದು ಕೇವಲ ಕಾಕತಾಳೀಯ. ಜೂಲಿಯಸ್ 2021ರ ವೈದ್ಯಕೀಯ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ಸುಡುವ ಬಿಸಿಗೆ ತೆರೆಯುವ ಬಾಗಿಲೂ ಇದೇ ಆದುದರಿಂದ ಖಾರವು ನಾಲಗೆಗೆ ‘ಉರಿ’ಯಾಗಿ ತೋರುತ್ತದೆ.

ಮುಖದಿಂದ ಈ ಉರಿಯ ಸುದ್ದಿಯನ್ನು ಒಯ್ಯುವುದು ಟ್ರೈಜೆಮಿನಲ್ ಎಂಬ ಮೂರು ಕವಲಿನ ನರ. ಇದರ ಎಳೆಗಳು ಮಿದುಳಿನ ಹೊದಿಕೆಯ ರಕ್ತನಾಳಗಳನ್ನೂ ಬಳಸಿಕೊಂಡಿವೆ. ನರವು ಸುದ್ದಿಯನ್ನು ಒಳಕ್ಕೆ ಮುಟ್ಟಿಸುವ ತಂತಿ ಮಾತ್ರವೆಂದು ತಿಳಿಯುವುದು ಸಹಜ. ಆದರೆ ಕೆರಳಿದ ನರವು ತನ್ನ ತುದಿಯಿಂದ ಹೊರಕ್ಕೂ ಕೆಲವು ವಸ್ತುಗಳನ್ನು ಸ್ರವಿಸುತ್ತದೆ. ಇವೇ ನರಪೆಪ್ಟೈಡುಗಳು. ಇವುಗಳಲ್ಲಿ ಸಿ.ಜಿ.ಆರ್.ಪಿ. ಎಂಬುದು ರಕ್ತನಾಳಗಳನ್ನು ಹಿಗ್ಗಿಸುವುದರಲ್ಲಿ ಬಲು ಸಮರ್ಥ. ಕತ್ತಿನಿಂದ ಮೇಲೇರುವ ನರಗಳ ‘ನರಪೆಪ್ಟೈಡ್ ವೈ’ ಇದಕ್ಕೆ ವಿರುದ್ಧವಾಗಿ ನಾಳಗಳನ್ನು ಕುಗ್ಗಿಸುತ್ತದೆ. ಹಿಗ್ಗಿಸುವ ಇನ್ನೊಂದಕ್ಕೆ ವಿ.ಐ.ಪಿ. ಎಂದು ಹೆಸರು, ದೊಡ್ಡ ಮನುಷ್ಯರಿಗೂ ಇದಕ್ಕೂ ಸಂಬಂಧವಿಲ್ಲ, ಮೊದಲು ದೊರೆತದ್ದು ಕರುಳಿನಲ್ಲಿ! ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳು, ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಬೇಡುತ್ತದೆ. ಅದಕ್ಕೇ ಈ ಕಾವಲು.

ಕಾವಲು ಅತಿಯಾದರೆ? ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ 1990ರಲ್ಲಿ, ಅರೆತಲೆನೋವಿನ ವೇಳೆ ರೋಗಿಗಳ ಕುತ್ತಿಗೆಯ ರಕ್ತದಲ್ಲಿ ಸಿ.ಜಿ.ಆರ್.ಪಿ. ಏರಿರುವುದನ್ನು ತೋರಿಸಿದರು. ಊದಿದ ನಾಳವೇ ನೋವಿನ ಮೂಲವೆಂಬ ಹಳೆಯ ನಂಬಿಕೆ ಸಡಿಲವಾಗಿ, ಕೆರಳಿದ ನರದ ಕಡೆಗೆ ಲಕ್ಷ್ಯ ಹರಿಯಿತು. ಮೆಣಸು ತಿಂದವರಿಗೆಲ್ಲ ಅರೆತಲೆನೋವು ಬರುತ್ತದೆಂದು ಇದರ ಅರ್ಥವಲ್ಲ; ಎರಡೂ ಒಂದೇ ನರದ ಹಾದಿಯನ್ನು ತುಳಿಯುತ್ತವೆ, ಅಷ್ಟೆ.

ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ನಗರದಲ್ಲಿಯೂ ಸುತ್ತಲ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಸುಮಾರು ನಾಲ್ವರಿಗೊಬ್ಬರಂತೆ ಈ ನೋವಿಗೆ ಒಳಗಾಗಿದ್ದರು. ಹೆಂಗಸರ ಪಾಲು ಹೆಚ್ಚು. ಕತ್ತಲೆಕೋಣೆಯಲ್ಲಿ ಕಣ್ಣುಮುಚ್ಚಿ ಮಲಗಿದ ಗೃಹಿಣಿಗೆ ‘ಕೆಲಸ ತಪ್ಪಿಸಲು ನೆಪ’ ಎನ್ನುವ ಮನೆಗಳು ಇಂದಿಗೂ ಉಂಟು. ನೆಪವಾಗಿದ್ದರೆ ಅದು ರಕ್ತದಲ್ಲಿ ಅಳೆಯಲು ಸಿಗುತ್ತಿರಲಿಲ್ಲ.

ಸಿ.ಜಿ.ಆರ್.ಪಿ.ಯ ಆಟವನ್ನು ತಡೆಯುವ ಚುಚ್ಚುಮದ್ದಿಗೆ ಅಮೆರಿಕದಲ್ಲಿ 2018ರಲ್ಲಿ ಅನುಮತಿ ದೊರೆಯಿತು. ಅದು ದುಬಾರಿ, ಹಲವರಿಗೆ ಹಳೆಯ, ಅಗ್ಗದ ಔಷಧಗಳೇ ಸಾಕಾಗುತ್ತವೆ. ಆದರೆ ಅಂಗಡಿಯ ಗುಳಿಗೆಯನ್ನು ದಿನವೂ ನುಂಗುತ್ತಿದ್ದರೆ ಗುಳಿಗೆಯಿಂದಲೇ ತಲೆನೋವು ಹುಟ್ಟುವುದುಂಟು. ಹಿಂದೆಂದೂ ಕಾಣದ ನೋವು ಸಿಡಿಲಿನಂತೆ ಎರಗಿದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಅದನ್ನು ಅರೆತಲೆನೋವೆಂದು ಕುಳಿತಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.