ಬಿಳಿ ರಕ್ತಕಣ ಬಂದರೆ ಕೆಟ್ಟ ಸುದ್ದಿ

ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯೊಳಗೆ ಬಿಳಿ ರಕ್ತಕಣಗಳು ತುಂಬಿದ್ದರೆ ವೈದ್ಯರಿಗೆ ಒಂದಿಷ್ಟು ಸಮಾಧಾನ. ದೇಹ ಶತ್ರುವನ್ನು ಗುರುತು ಹಿಡಿದಿದೆ, ಕಾದಾಡುತ್ತಿದೆ ಎಂದು ಲೆಕ್ಕ. ಕಣ್ಣಿನೊಳಗಿನ ಮೆಲನೋಮಾ ಎಂಬ ಕ್ಯಾನ್ಸರಿನಲ್ಲಿ ಈ ಲೆಕ್ಕ ಪೂರಾ ತಲೆಕೆಳಗು. ಅಲ್ಲಿ ಟಿ ಕೋಶ, ಮ್ಯಾಕ್ರೊಫೇಜ್ ಎಂಬ ಬಿಳಿ ರಕ್ತಕಣಗಳು ಹೆಚ್ಚು ಸೇರಿಕೊಂಡಷ್ಟೂ ರೋಗಿ ಬದುಕುಳಿಯುವ ಸಂಭವ ಕಡಿಮೆ. ಈ ಒಗಟಿನ ಬೆನ್ನುಹತ್ತಿ ದಶಕಗಳಿಂದ ಕೆಲಸ ಮಾಡುತ್ತಿರುವವರು ನೆದರ್ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ನೇತ್ರತಜ್ಞೆ ಮಾರ್ಟೀನ್ ಯಾಗರ್.

ಅವರ ವಿಷಯ ಯೂವಿಯಲ್ ಮೆಲನೋಮಾ. ಪಾಪೆಯ ಬಣ್ಣದ ಪರದೆಯಿಂದ ಅಕ್ಷಿಪಟಲದ ಹಿಂದಿನ ರಕ್ತನಾಳಗಳ ಪದರದವರೆಗೆ ಎಲ್ಲಿ ಬೇಕಾದರೂ ಹುಟ್ಟುವ ಗಡ್ಡೆ ಇದು. ತಿಳಿಬಣ್ಣದ ಕಣ್ಣಿನವರಿಗೇ ಹೆಚ್ಚು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸ್ಪೇನಿನಲ್ಲಿ ಸುಮಾರು 2, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಸುಮಾರು 8 ಮಂದಿಗೆ ಬರುತ್ತದೆ. ನಮ್ಮ ಕಡೆ ಅಪರೂಪ. ಗಡ್ಡೆಗೆ ವಿಕಿರಣ ಕೊಡಬಹುದು, ದೊಡ್ಡದಾಗಿದ್ದರೆ ಕಣ್ಣನ್ನೇ ತೆಗೆಯಬಹುದು. ಆದರೂ ಹೆಚ್ಚುಕಡಿಮೆ ಅರ್ಧದಷ್ಟು ರೋಗಿಗಳಲ್ಲಿ, ಕೆಲವೊಮ್ಮೆ ಎಷ್ಟೋ ವರ್ಷಗಳ ನಂತರ, ರೋಗ ಲಿವರ್‌ನಲ್ಲಿ ತಲೆಯೆತ್ತುತ್ತದೆ.

ಕಣ್ಣಿನೊಳಗೆ ರೋಗನಿರೋಧಕ ವ್ಯವಸ್ಥೆ ಮೆತ್ತಗಿರುತ್ತದೆ ಎಂಬುದು ಹಳೆಯ ತಿಳಿವಳಿಕೆ. 1873ರಲ್ಲೇ ವಾನ್ ಡೋರೆಮಾಲ್ ಎಂಬ ಡಚ್ ವೈದ್ಯ ಇಲಿಯ ಚರ್ಮದ ತುಣುಕನ್ನು ನಾಯಿಯ ಕಣ್ಣಿನೊಳಗಿಟ್ಟು, ಅದು ಬಹುಕಾಲ ಬದುಕಿದ್ದನ್ನು ಕಂಡಿದ್ದ. 1948ರಲ್ಲಿ ಪೀಟರ್ ಮೆಡಾವರ್ ಮೊಲದ ಕಣ್ಣಿನಲ್ಲಿ ಪ್ರಯೋಗ ಮಾಡಿ ಇದಕ್ಕೊಂದು ವಿವರಣೆ ಕೊಟ್ಟರು. ಕಾರಣವೂ ಸರಳ. ಉರಿಯೂತ ಎದ್ದರೆ ಕಣ್ಣಿನ ನಾಜೂಕಾದ ಪದರಗಳೇ ಸುಟ್ಟುಹೋಗುತ್ತವೆ. ದೃಷ್ಟಿ ಉಳಿಸಿಕೊಳ್ಳಲು ಕಣ್ಣು ತನ್ನ ಕಾವಲುಗಾರರನ್ನೇ ಸುಮ್ಮನಾಗಿಸುತ್ತದೆ. ಆ ಮೌನದ ಲಾಭ ಗಡ್ಡೆಗೂ ಸಿಗುತ್ತದೆ.

ಯಾಗರ್ ಅವರ ಬಳಗಕ್ಕೆ ಮೂಲ ಸಾಮಗ್ರಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಕಣ್ಣುಗಳು. ಅಂಥ ಕಣ್ಣನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತಲೂ ತೆಳ್ಳಗೆ ಸೀಳಿ ಗಾಜಿನ ಮೇಲೆ ಹರಡುತ್ತಾರೆ. ಯಾವ ಕೋಶ ಎಲ್ಲಿದೆ ಎಂದು ತೋರಿಸಲು ಬಣ್ಣ ಹಾಕಬೇಕು. ತೊಡಕು ಬರುವುದು ಇಲ್ಲೇ. ಪ್ರಯೋಗಾಲಯಗಳಲ್ಲಿ ರೂಢಿಯಲ್ಲಿರುವ ಬಣ್ಣ ಕಂದು, ಮೆಲನೋಮಾದ ವರ್ಣದ್ರವ್ಯವೂ ಕಂದು. ಒಂದರಲ್ಲೊಂದು ಬೆರೆತು ಏನೂ ಕಾಣುವುದಿಲ್ಲ. ಹಾಗಾಗಿ ಈ ಗಡ್ಡೆಗಳಿಗೆ ಕೆಂಪು ಬಣ್ಣ ಹಾಕುತ್ತಾರೆ.

1997ರಲ್ಲಿ ಈ ಬಳಗ ಪ್ರಕಟಿಸಿದ ಒಂದು ಫಲಿತಾಂಶ ಮೊದಲ ಓದಿಗೆ ನಂಬಲಾಗದಂಥದ್ದು. ದೇಹದ ಬಹುತೇಕ ಎಲ್ಲ ಕೋಶಗಳ ಮೇಲೂ ಎಚ್‌ಎಲ್‌ಎ ಎಂಬ ಗುರುತಿನ ಅಣುಗಳಿರುತ್ತವೆ. ಅವುಗಳನ್ನು ನೋಡಿಯೇ ಟಿ ಕೋಶಗಳು ಕ್ಯಾನ್ಸರನ್ನು ಪತ್ತೆಹಚ್ಚುವುದು. ಆದ್ದರಿಂದ ಎಚ್‌ಎಲ್‌ಎ ಹೆಚ್ಚಿರುವ ಗಡ್ಡೆ ಬೇಗ ಸಿಕ್ಕಿಬೀಳಬೇಕು. ಲೈಡನ್‌ನಲ್ಲಿ ಕಂಡದ್ದು ತದ್ವಿರುದ್ಧ: ಎಚ್‌ಎಲ್‌ಎ ಹೆಚ್ಚಿದ್ದವರೇ ಹೆಚ್ಚು ಸತ್ತಿದ್ದರು. ಇದಕ್ಕೆ ಅವರು ಕೊಟ್ಟ ವಿವರಣೆ ನನಗೆ ಇಡೀ ಕಥೆಯಲ್ಲಿ ಅತ್ಯಂತ ಇಷ್ಟವಾದದ್ದು. ರಕ್ತದಲ್ಲಿ ಓಡಾಡುವ ಎನ್‌ಕೆ ಕೋಶಗಳು ಬಸ್ಸಿನ ಚೆಕಿಂಗ್ ಇನ್‌ಸ್ಪೆಕ್ಟರ್ ಇದ್ದಂತೆ. ಎಚ್‌ಎಲ್‌ಎ ಎಂಬ ಟಿಕೆಟ್ ಇಲ್ಲದ ಕೋಶವನ್ನು ಅಲ್ಲೇ ಮುಗಿಸುತ್ತವೆ. ಕಣ್ಣಿನಿಂದ ಹೊರಟ ಕ್ಯಾನ್ಸರ್ ಕೋಶ ಲಿವರ್ ಸೇರುವುದು ರಕ್ತದ ದಾರಿಯಲ್ಲೇ. ಟಿಕೆಟ್ ಇದ್ದದ್ದು ಸಲೀಸಾಗಿ ತಲುಪುತ್ತದೆ. ಡಲ್ಲಾಸ್‌ನಲ್ಲಿ ಜೆರ್ರಿ ನೀಡರ್‌ಕಾರ್ನ್ ಇಲಿಗಳ ಮೇಲೆ ಮಾಡಿದ ಪ್ರಯೋಗಗಳೂ ಇದೇ ದಿಕ್ಕಿಗೆ ಬೆರಳು ತೋರಿದವು.

ಹಾಗಾದರೆ ಗಡ್ಡೆಯೊಳಗೆ ಬಂದು ಕೂತ ಬಿಳಿ ರಕ್ತಕಣಗಳು ಮಾಡುವುದೇನು? ಮ್ಯಾಕ್ರೊಫೇಜ್‌ಗಳಲ್ಲಿ ಹೆಚ್ಚಿನವು ಕಾದಾಡುವ ಜಾತಿಯವಲ್ಲ, ಗಾಯ ಮಾಗಿಸುವ ಜಾತಿಯವು. ಹೊಸ ರಕ್ತನಾಳ ಬೆಳೆಯಲು ನೆರವಾಗಿ ಗಡ್ಡೆಗೇ ಉಪಕಾರ ಮಾಡುತ್ತವೆ. ಮೂರನೆಯ ಕ್ರೋಮೋಸೋಮಿನ ಒಂದು ಪ್ರತಿಯನ್ನು ಕಳೆದುಕೊಂಡು, ಅದರಲ್ಲಿರುವ ಬ್ಯಾಪ್1 ಜೀನ್ ಕೂಡ ಕೆಟ್ಟಿರುವ ಗಡ್ಡೆಗಳಲ್ಲೇ ಈ ಉರಿಯೂತ ಜಾಸ್ತಿ. ಹೆಚ್ಚು ಹರಡುವ ಗಡ್ಡೆಗಳೂ ಅವೇ. ಚರ್ಮದ ಮೆಲನೋಮಾದಲ್ಲಿ ಪವಾಡವನ್ನೇ ಮಾಡಿದ ಇಮ್ಯುನೊಥೆರಪಿ ಔಷಧಗಳು ಇಲ್ಲಿ ಬಹುತೇಕ ಸೋತಿವೆ. ಹೆಸರು ಒಂದೇ ಆದರೂ ಇವೆರಡು ಬೇರೆ ಬೇರೆ ರೋಗಗಳೆಂದೇ ತಿಳಿಯಬೇಕು.

ಎಚ್‌ಎಲ್‌ಎ ಲೈಡನ್ನಿಗೆ ಪರಕೀಯವಲ್ಲ. ಈ ಅಣುಗಳನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರಾದ ಯಾನ್ ವಾನ್ ರೂಡ್ ಅಲ್ಲಿಯವರೇ. ಅಂಗಾಂಗ ಹಂಚಿಕೆಯ ಯೂರೋಟ್ರಾನ್ಸ್‌ಪ್ಲಾಂಟ್ ಸಂಸ್ಥೆಯನ್ನು 1967ರಲ್ಲಿ ಕಟ್ಟಿದವರೂ ಅವರೇ. ಕೊನೆಗೆ ಈ ಕಣ್ಣಿನ ರೋಗಕ್ಕೆ ದಕ್ಕಿದ ಔಷಧವೂ ಎಚ್‌ಎಲ್‌ಎ ಆಧರಿಸಿದ್ದೇ. 2022ರ ಜನವರಿಯಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಟೆಬೆಂಟಾಫಸ್ಪ್ ಒಂದು ತುದಿಯಿಂದ ಕ್ಯಾನ್ಸರ್ ಕೋಶವನ್ನು, ಇನ್ನೊಂದು ತುದಿಯಿಂದ ಟಿ ಕೋಶವನ್ನು ಹಿಡಿದು ಎರಡನ್ನೂ ಎದುರುಬದುರು ನಿಲ್ಲಿಸುತ್ತದೆ. ರೋಗ ಹರಡಿದ್ದ 378 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ ಇದನ್ನು ಪಡೆದವರಲ್ಲಿ ಶೇ 73ರಷ್ಟು ಮಂದಿ ಒಂದು ವರ್ಷ ದಾಟಿದರು; ಬೇರೆ ಚಿಕಿತ್ಸೆ ಪಡೆದವರಲ್ಲಿ ಶೇ 59. ದೊಡ್ಡ ಗೆಲುವೇನಲ್ಲ, ಆದರೆ ಈ ರೋಗದ ಮಟ್ಟಿಗೆ ಅಷ್ಟೂ ಇರಲಿಲ್ಲ. ಎಚ್‌ಎಲ್‌ಎ-ಎ*02:01 ಎಂಬ ಉಪಪ್ರಕಾರ ಇರುವವರಿಗೆ ಮಾತ್ರ ಇದು ಹಿಡಿಸುತ್ತದೆ. ಉತ್ತರ ಯುರೋಪಿನಲ್ಲಿ ಅರ್ಧದಷ್ಟು ಜನರಿಗೆ ಅದಿದೆ. ಭಾರತೀಯರಲ್ಲಿ ಅದು ಅಷ್ಟು ಸಾಮಾನ್ಯವಲ್ಲ. ಹಾಗಾಗಿ ನಮ್ಮ ರೋಗಿಗೆ ಈ ಔಷಧ ಬರೆಯುವ ಮುನ್ನ ಎಚ್‌ಎಲ್‌ಎ ಪರೀಕ್ಷೆ ಆಗಲೇಬೇಕು, ಹಲವರ ವರದಿಯಲ್ಲಿ ‘ಇಲ್ಲ’ ಎಂದೇ ಬರುತ್ತದೆ.