ಗುಬ್ಬಿಯ ಕುಲಕ್ಕೆ ಕಾಗೆ ಸೇರಿದ ಕತೆ

ಲ್ಯಾಟಿನ್ ಭಾಷೆಯಲ್ಲಿ ‘ಪ್ಯಾಸರ್’ ಅಂದರೆ ಗುಬ್ಬಿ. ಸ್ವೀಡನ್ನಿನ ಕಾರ್ಲ್ ಲಿನೇಯಸ್ 1758ರಲ್ಲಿ ಹಕ್ಕಿಗಳನ್ನೆಲ್ಲ ಆರು ಗಣಗಳಾಗಿ ವಿಂಗಡಿಸಿ, ಒಂದಕ್ಕೆ ಗುಬ್ಬಿಯ ಹೆಸರನ್ನೇ ಇಟ್ಟರು: ಪ್ಯಾಸರೀಸ್. ಇಂಗ್ಲಿಷಿನ ‘ಪ್ಯಾಸರೀನ್’ ಹುಟ್ಟಿದ್ದು ಹೀಗೆ. ಆದರೆ ಆ ಗಣದೊಳಗೆ ಪಾರಿವಾಳವೂ ಇತ್ತು. ಕಾಗೆ ಮಾತ್ರ ಬೇರೆ ಗಣದ ಪಾಲಾಗಿತ್ತು.

ಇಂದು ಈ ಹೆಸರಿಗೆ ಸಲ್ಲುವುದು ಕೊಂಬೆ ಹಿಡಿದು ಕೂರುವ ಒಂದು ವಿಶೇಷ ಕುಲ. ಪಿಕಳಾರದ ಕಾಲನ್ನು ಗಮನಿಸಿ ನೋಡಿ: ಮೂರು ಬೆರಳು ಮುಂದೆ, ಒಂದು ಹಿಂದೆ. ಎಲ್ಲವೂ ಒಂದೇ ಮಟ್ಟದಲ್ಲಿ ಕೂಡಿಕೊಂಡಿರುವುದರಿಂದ ತೆಳು ಕಡ್ಡಿಯೂ ಹಿಡಿತಕ್ಕೆ ಭದ್ರವಾಗಿ ಸಿಗುತ್ತದೆ.

ಕಾಗೆಗೆ ನ್ಯಾಯ ಸಿಕ್ಕಿದ್ದು ಗಂಟಲಿನಿಂದ. ಬರ್ಲಿನ್ನಿನ ಅಂಗರಚನಾ ವಿಜ್ಞಾನಿ ಯೋಹಾನೆಸ್ ಮ್ಯುಲ್ಲರ್ 1840ರ ದಶಕದಲ್ಲಿ ಹಕ್ಕಿಗಳ ಶ್ವಾಸನಾಳ ಎರಡಾಗಿ ಕವಲೊಡೆಯುವ ಎಡೆಯನ್ನು ಬಿಡಿಸಿ ನೋಡಿದರು. ಹಕ್ಕಿಯ ದನಿ ಹೊರಡುವುದೇ ಅಲ್ಲಿರುವ ಸಿರಿಂಕ್ಸ್‌ನಿಂದ. ಈ ಕುಲದೊಳಗಿನ ಹಾಡುಹಕ್ಕಿಗಳಲ್ಲಿ ಅದರ ಸುತ್ತ ಹಲವು ಜೊತೆ ಸ್ನಾಯುಗಳಿರುತ್ತವೆ. ಕಾಗೆಯ ಗಂಟಲಲ್ಲೂ ಅವೇ ಇವೆ! ನಮ್ಮ ಕಾವ್ಯಗಳು ಹಾಡಿ ಹೊಗಳಿದ ಕೋಗಿಲೆಗೆ ಈ ಕುಲದಲ್ಲಿ ಜಾಗವೇ ಇಲ್ಲ. ಅದರ ಕಾಲಲ್ಲಿ ಎರಡು ಬೆರಳು ಮುಂದೆ, ಎರಡು ಹಿಂದೆ. ಅದರ ಮರಿಗೆ ತುತ್ತು ಕೊಟ್ಟು ಸಾಕುವ ಕಾಗೆಯೇ ನಿಜವಾದ ಹಾಡುಹಕ್ಕಿ. ನನಗಂತೂ ಇದು ಈ ಕತೆಯ ಅತ್ಯಂತ ಚೆಂದದ ತಿರುವು.

ಮುಂದಿನ ತಿರುವು ಬಂದದ್ದು ಆಸ್ಟ್ರೇಲಿಯಾದಿಂದ. ಅಲ್ಲಿ ನೆಲೆಸಿದ ಯೂರೋಪಿನವರು ಕಂಡ ಎಷ್ಟೋ ಹಕ್ಕಿಗಳಿಗೆ ತಮ್ಮೂರಿನ ರಾಬಿನ್, ರೆನ್ ಎಂಬ ಹೆಸರುಗಳನ್ನೇ ಕೊಟ್ಟಿದ್ದರು. ವಿದ್ವಾಂಸರೂ ಅವನ್ನು ಯೂರೋಪಿನ ಹಕ್ಕಿಗಳ ನೆಂಟರೆಂದೇ ನಂಬಿದ್ದರು. ಅಮೆರಿಕದ ಚಾರ್ಲ್ಸ್ ಸಿಬ್ಲಿ ಮತ್ತು ಜಾನ್ ಆಲ್‌ಕ್ವಿಸ್ಟ್ ಎರಡು ಪ್ರಭೇದಗಳ ಡಿಎನ್‌ಎ ಎಳೆಗಳನ್ನು ಬೆಸೆದು, ಕಾಯಿಸಿ, ಎಷ್ಟು ಶಾಖಕ್ಕೆ ಬಿಟ್ಟುಕೊಳ್ಳುತ್ತವೆ ಎಂದು ಅಳೆದರು. ನಂಟು ಹತ್ತಿರವಾದಷ್ಟೂ ಬೆಸುಗೆ ಗಟ್ಟಿ. 1980ರ ದಶಕದಲ್ಲಿ ಹೊರಬಿದ್ದ ಫಲಿತಾಂಶ ಹಳೆಯ ನಂಬಿಕೆಯನ್ನು ತಲೆಕೆಳಗು ಮಾಡಿತು: ಆ ಹಕ್ಕಿಗಳಲ್ಲಿ ಬಹುಪಾಲು ಪರಸ್ಪರ ಬಂಧುಗಳು, ಯೂರೋಪಿನ ಹೋಲಿಕೆ ಬರೀ ಮೇಲ್ನೋಟದ್ದು. 2000ದ ನಂತರದ ಜೀನ್ ಅಧ್ಯಯನಗಳು ಇನ್ನೂ ಮುಂದೆ ಹೋಗಿ, ಹಾಡುಹಕ್ಕಿಗಳ ತೌರೇ ಆಸ್ಟ್ರೇಲಿಯಾದ ಕಡೆಯದು ಎಂದು ತೋರಿಸಿದವು.

ಈಗ ಜಗತ್ತಿನ ಹಕ್ಕಿ ಪ್ರಭೇದಗಳಲ್ಲಿ ಅರ್ಧಕ್ಕೂ ಹೆಚ್ಚು, ಅಂದರೆ 6000ಕ್ಕೂ ಮೀರಿ, ಪ್ಯಾಸರೀನ್‌ಗಳೇ. ಈ ಕುಲದ ಬುಡದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದವು ನ್ಯೂಜಿಲೆಂಡಿನ ಪುಟಾಣಿ ರೆನ್‌ಗಳು. ಅವುಗಳಲ್ಲಿ ಬದುಕಿ ಉಳಿದಿರುವುದು ಎರಡೇ ಪ್ರಭೇದ.