ತಪ್ಪುಗಳು ಹೇಳುವ ವಂಶಕಥೆ

ಓಲೆಗರಿಯ ಕಾವ್ಯಗಳನ್ನು ಪರಿಷ್ಕರಿಸುವವರಿಗೆ ಒಂದು ಸೂತ್ರ ಪರಿಚಿತ. ಎರಡು ಪ್ರತಿಗಳಲ್ಲಿ ಒಂದೇ ಶುದ್ಧಪಾಠವಿದ್ದ ಮಾತ್ರಕ್ಕೆ ಅವುಗಳ ನಂಟು ಸಿದ್ಧವಾಗದು. ಅದು ಕವಿಯದೇ ಪಾಠವಾದ್ದರಿಂದ ಎಲ್ಲ ಪ್ರತಿಗಳಲ್ಲೂ ಇರಬಹುದು. ಆದರೆ ಅರ್ಥಕ್ಕೆ ಹೊಂದದ ಒಂದೇ ಸಾಲು ಒಂದೇ ಎಡೆಯಲ್ಲಿ ಎರಡರೊಳಗೂ ನುಸುಳಿದ್ದರೆ, ಅವು ಒಂದೇ ಮಾತೃಕೆಯಿಂದ ಇಳಿದುವೆಂದು ಊಹಿಸಬಹುದು. ತಿಮಿಂಗಿಲದ ಪೂರ್ವಜರನ್ನು ಅರಸುವ ವಿಜ್ಞಾನಿಗಳೂ ಇದೇ ಸೂತ್ರವನ್ನು ಹಿಡಿದಿರುವುದು ನಿವೃತ್ತಿಯ ಅನಂತರ ನನಗೆ ತಿಳಿಯಿತು.

ತಿಮಿಂಗಿಲ ಮೀನಲ್ಲ, ಮರಿಗೆ ಹಾಲೂಡಿಸುವ ಪ್ರಾಣಿ. ನೆಲದ ಮೇಲೆ ನಡೆಯುತ್ತಿದ್ದ ಯಾವುದೋ ಪ್ರಾಣಿಯ ಸಂತತಿ ಕಡಲಿಗಿಳಿಯಿತು. ಅದು ಯಾವುದು? ಹಲ್ಲಿನ ಆಕಾರವನ್ನು ನೋಡಿದವರು ಮೆಸೊನಿಕಿಡ್ ಎಂಬ, ಅಳಿದುಹೋದ ಮಾಂಸಾಹಾರಿಗಳತ್ತ ಬೆರಳು ತೋರಿದರು. ಆದರೆ ಒಂದೇ ಬಗೆಯ ಬಾಳು ಬೇರೆ ಬೇರೆ ಕುಲಗಳಿಗೂ ಒಂದೇ ಬಗೆಯ ಹಲ್ಲನ್ನು ಕೊಡಬಲ್ಲದು.

ಜೀವಕೋಶದ ಬರಹವಾದ ಡಿ.ಎನ್.ಎ.ಯಲ್ಲಿ 'ಸೈನ್' ಎಂಬ ತುಣುಕುಗಳುಂಟು. ಉದ್ದ ಕೆಲವು ನೂರು ಅಕ್ಷರ. ಇಂಥ ತುಣುಕಿನ ನಕಲು ಮೊದಲು ಆರ್.ಎನ್.ಎ. ಆಗಿ, ಮತ್ತೆ ಡಿ.ಎನ್.ಎ. ಆಗಿ, ಬೇರೊಂದೆಡೆ ಸೇರಿಕೊಂಡು ಸಂತತಿಗೆ ಸಾಗುತ್ತದೆ. ಒಮ್ಮೆ ಸೇರಿದ್ದು ಗುರುತುಳಿಯದೆ ಕಳಚಿಹೋಗುವುದು ಬಹಳ ಅಪೂರ್ವ. ಎರಡು ಕುಲಗಳಲ್ಲಿ ಅದು ಅದೇ ಎಡೆಗೆ ಬೇರೆ ಬೇರೆಯಾಗಿ ಬಂದು ಕೂರುವುದೂ ಅಷ್ಟೇ ಅಪೂರ್ವ.

ಜಪಾನಿನ ಟೋಕಿಯೊ ತಾಂತ್ರಿಕ ಸಂಸ್ಥೆಯಲ್ಲಿದ್ದ ನೊರಿಹಿರೊ ಒಕಾಡ ಮತ್ತು ಸಂಗಡಿಗರು ಹಲವು ಪ್ರಾಣಿಗಳ ಡಿ.ಎನ್.ಎ.ಯಲ್ಲಿ ಒಂದೇ ಎಡೆಯನ್ನು ಆರಿಸಿ, ಪ್ರಯೋಗಶಾಲೆಯಲ್ಲಿ ಆ ಭಾಗವನ್ನಷ್ಟೇ ಅಸಂಖ್ಯ ಪ್ರತಿಗಳಾಗಿಸಿ, ಉದ್ದವನ್ನು ಹೋಲಿಸಿದರು. ತುಣುಕು ಸೇರಿದ್ದರೆ ಆ ಭಾಗ ಉದ್ದ, ಇಲ್ಲವಾದರೆ ಗಿಡ್ಡ. ತಿಮಿಂಗಿಲ, ನೀರಾನೆ ಹಾಗೂ ಮೆಲುಕು ಹಾಕುವ ಪ್ರಾಣಿಗಳಲ್ಲಿದ್ದ ಕೆಲವು ತುಣುಕುಗಳು ಹಂದಿ, ಒಂಟೆಗಳಲ್ಲಿ ಇಲ್ಲವೆಂದು 1997ರಲ್ಲಿ ಅವರು ಪ್ರಕಟಿಸಿದರು. 1999ರಲ್ಲಿ, ತಿಮಿಂಗಿಲ ಮತ್ತು ನೀರಾನೆಗಳಿಗಷ್ಟೇ ಸಮಾನವಾದ ತುಣುಕುಗಳನ್ನು ತೋರಿಸಿದರು.

ಹಾಗೆಂದು ನೀರಾನೆ ತಿಮಿಂಗಿಲದ ಅಜ್ಜಿಯಲ್ಲ, ದಾಯಾದಿ. ಎರಡರ ಮೂಲಪುರುಷ ಬಾಳಿದ್ದು 5 ಕೋಟಿ ವರ್ಷಗಳಿಗೂ ಹಿಂದೆ. ಪಾಕಿಸ್ತಾನದಲ್ಲಿ ದೊರೆತ ಆದಿತಿಮಿಂಗಿಲಗಳ ಪಳೆಯುಳಿಕೆಗಳ ವಿವರ 2001ರಲ್ಲಿ ಪ್ರಕಟವಾದಾಗ, ಅವುಗಳ ಹಿಂಗಾಲಿನ ಕೀಲುಮೂಳೆಯೂ ಜಿಂಕೆ, ಹಂದಿ, ನೀರಾನೆಗಳ ಬಳಗವನ್ನೇ ಹೇಳಿತು.

ಇಲ್ಲಿಯೂ ಎಚ್ಚರ ಬೇಕು. ಪೂರ್ವಜರಲ್ಲಿ ಕೆಲವರಿಗೆ ಮಾತ್ರ ಒಂದು ತುಣುಕಿದ್ದು, ಅಷ್ಟರಲ್ಲೇ ಕುಲಗಳು ಬೇಗಬೇಗ ಕವಲೊಡೆದರೆ, ಆ ಒಂದು ಸಾಕ್ಷಿ ದಾರಿತಪ್ಪಿಸಬಹುದು. ಆದ್ದರಿಂದ ಹಲವು ಎಡೆಗಳ ಸಾಕ್ಷಿ ಕೂಡಿಬರಬೇಕು.

ಇದನ್ನೆಲ್ಲ ಓದಿದಾಗ ನನ್ನದೊಂದು ಅಪರಾಧ ನೆನಪಾಯಿತು. ಹಿಂದೆ ಒಂದು ಸಣ್ಣ ಕಾವ್ಯವನ್ನು ಸಂಪಾದಿಸುವಾಗ, ಪುಟ ಉಳಿಸಲೆಂದು ಲಿಪಿಕಾರರ 'ಅಪಪಾಠ'ಗಳನ್ನು ಅಡಿಟಿಪ್ಪಣಿಗಳಿಂದ ತೆಗೆದುಹಾಕಿದ್ದೆ. ಆಮೇಲೆ ಆ ಪ್ರತಿಗಳಲ್ಲೊಂದು ಹುಳುವಿನ ಪಾಲಾಯಿತು. ಕಾವ್ಯ ನನ್ನ ಮುದ್ರಣದಲ್ಲಿ ಉಳಿದಿದೆ. ಅದು ಯಾರ ಯಾರ ಕೈದಾಟಿ ಬಂದಿತೆಂಬುದನ್ನು ಹೇಳಬಹುದಾಗಿದ್ದ ತಪ್ಪುಗಳನ್ನು ನಾನೇ ತಿದ್ದಿ ಅಳಿಸಿದ್ದೇನೆ. ಪ್ರಕೃತಿ ಅಂಥ ಅಚ್ಚುಕಟ್ಟಿನ ಸಂಪಾದಕನಲ್ಲದ್ದು ತಿಮಿಂಗಿಲದ ಪುಣ್ಯ.